ಕೊರಳಪಟ್ಟಿ ಕಟ್ಟುವ ಮೊದಲು ಕಾಗದ ಕೇಳಿ

ಬೆದೆ ಪತ್ತೆ ಮಾಡುವ ಕೊರಳಪಟ್ಟಿ, ಹೆಜ್ಜೆ ಎಣಿಸುವ ಕಾಲುಪಟ್ಟಿ ಮಾರುವವರು ಈಗ ನಮ್ಮ ಮಹಿಳಾ ಸಂಘಗಳ ಬಾಗಿಲಿಗೂ ಬರುತ್ತಿದ್ದಾರೆ. ಹಸು ಎಷ್ಟು ಹೊತ್ತು ಮೆಲುಕು ಹಾಕಿತು, ಎಷ್ಟು ಅಲುಗಾಡಿತು ಎಂಬುದನ್ನು ಪಟ್ಟಿಯೊಳಗಿನ ಯಂತ್ರ ಅಳೆಯುತ್ತದೆ. ಆ ಲೆಕ್ಕವನ್ನು ತಂತಿಯಿಲ್ಲದೆ ಕೊಟ್ಟಿಗೆಯ ಮೂಲೆಯಲ್ಲಿಟ್ಟ ಪೆಟ್ಟಿಗೆಗೆ ಕಳಿಸುತ್ತದೆ. ಅಲ್ಲಿಂದ ನಿಮ್ಮ ಮೊಬೈಲಿಗೆ ಸಂದೇಶ ಬರುತ್ತದೆ.

ಇದರ ಆಸೆ ಏಕೆಂದು ನನಗೆ ಗೊತ್ತು. ಒಂದು ಬೆದೆ ತಪ್ಪಿದರೆ ಇನ್ನೂ 21 ದಿನ ಕಾಯಬೇಕು. ಆ ದಿನಗಳ ಮೇವು, ಹಿಂಡಿ, ಬೂಸಾದ ಲೆಕ್ಕ ನನಗಿಂತ ನಿಮಗೇ ಚೆನ್ನಾಗಿ ತಿಳಿದಿದೆ. ರಾತ್ರಿ ಬಂದ ಬೆದೆ ಬೆಳಗಿನ ಹಾಲು ಕರೆಯುವ ಹೊತ್ತಿಗೆ ಇಳಿದುಹೋಗುವುದುಂಟು. ಎಮ್ಮೆಯದಂತೂ ಎಷ್ಟೋ ಸಲ ಮೂಕ ಬೆದೆ. ಹಾಗಾಗಿ ನಾನು ಈ ಯಂತ್ರಗಳನ್ನು ಬೇಡ ಎನ್ನುವವಳಲ್ಲ. ಆದರೆ ಆಡಳಿತ ಮಂಡಳಿ ಖರೀದಿಗೆ ಠರಾವು ಮಾಡುವ ಮುಂಚೆ ಮಾರುವವರಿಂದ ಒಂದು ಕಾಗದ ಕೇಳಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದರ ಹೆಸರು ಇಟಿಎ. ಕೇಂದ್ರದ ದೂರಸಂಪರ್ಕ ಇಲಾಖೆಯಲ್ಲಿ ಡಬ್ಲ್ಯೂಪಿಸಿ ಎಂಬ ನಿಸ್ತಂತು ವಿಭಾಗವಿದೆ. ಯಂತ್ರದ ಒಂದೊಂದು ಮಾದರಿಗೂ ಅದು ಕೊಡುವ ಒಪ್ಪಿಗೆ ಪತ್ರ ಇದು.

ಹಸುವಿನ ಕೊರಳಿಗೂ ದೂರಸಂಪರ್ಕ ಇಲಾಖೆಗೂ ಏನು ಸಂಬಂಧ ಎಂದು ಕೇಳಬಹುದು. ರೇಡಿಯೋದಲ್ಲಿ ಮುಳ್ಳು ತಿರುಗಿಸುವಾಗ ಒಂದು ನಿಲ್ದಾಣದ ಮೇಲೆ ಇನ್ನೊಂದು ಬಂದು ಗೊರಗೊರ ಎನ್ನುವುದನ್ನು ಕೇಳಿದ್ದೀರಿ. ಗಾಳಿಯಲ್ಲಿ ಮಾತಾಡುವ ಪ್ರತಿ ಯಂತ್ರಕ್ಕೂ ಅದರದೇ ಜಾಗ ಬೇಕು. ಆ ಜಾಗವನ್ನು ಒಂದೊಂದು ದೇಶ ಒಂದೊಂದು ರೀತಿ ಹಂಚಿಕೊಂಡಿದೆ. ಇಂಥ ಸಣ್ಣ ಯಂತ್ರಗಳಿಗೆ ಅಮೆರಿಕದಲ್ಲಿ 902ರಿಂದ 928 ಮೆಗಾಹರ್ಟ್ಸ್ ಬಿಟ್ಟುಕೊಟ್ಟಿದ್ದಾರೆ. ಯುರೋಪಿನಲ್ಲಿ 863ರಿಂದ 870ರ ಆಸುಪಾಸು. ನಮ್ಮಲ್ಲಿ 2005ರಲ್ಲಿ 865ರಿಂದ 867ರವರೆಗೆ ಬಿಟ್ಟರು, 2021ರಲ್ಲಿ ಅದನ್ನು 868ರವರೆಗೆ ಹಿಗ್ಗಿಸಿದರು. ಬ್ಲೂಟೂತ್, ವೈಫೈ ಬಳಸುವ 2.4 ಗಿಗಾಹರ್ಟ್ಸ್ ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ.

ಅಮೆರಿಕಕ್ಕೆಂದು ಮಾಡಿದ ಪಟ್ಟಿಯನ್ನು ನಮ್ಮ ಹಸುವಿಗೆ ಕಟ್ಟಿದರೆ ಏನಾಗುತ್ತದೆ ನೋಡಿ. ನಮ್ಮ ದೇಶದಲ್ಲಿ 890ರಿಂದ 915 ಮೆಗಾಹರ್ಟ್ಸ್ ಎಂದರೆ ಮೊಬೈಲುಗಳು ಟವರಿನ ಜೊತೆ ಮಾತಾಡುವ ಜಾಗ. ಪಟ್ಟಿ ಆ ಜಾಗಕ್ಕೇ ನುಗ್ಗಿ ಕೂಗುತ್ತದೆ. ಟವರು ಪಕ್ಕದಲ್ಲೇ ಇದ್ದರೆ ಊರಿನವರ ಫೋನಿಗೂ ತೊಂದರೆ, ನಿಮ್ಮ ಪಟ್ಟಿಯ ಸಂದೇಶವೂ ಅರ್ಧಕ್ಕೇ ಹೋಗುತ್ತದೆ. ಯುರೋಪಿನ ಪಟ್ಟಿ ಕೂದಲೆಳೆಯಲ್ಲಿ ತಪ್ಪುತ್ತದೆ. ಅಲ್ಲಿ ಹೆಚ್ಚು ಬಳಕೆಯಲ್ಲಿರುವುದು 868ಕ್ಕಿಂತ ತುಸು ಮೇಲಿನ ಜಾಗ, ನಮ್ಮ ಗಡಿ ಮುಗಿಯುವುದೇ 868ಕ್ಕೆ.

ಡಬ್ಬಿಯ ಮೇಲೆ ಸಿಇ, ಎಫ್‌ಸಿಸಿ ಎಂದು ಅಚ್ಚಾಗಿರುವುದನ್ನು ಬೆರಳಿಟ್ಟು ತೋರಿಸಿ 'ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್ ಇದೆ ಮೇಡಂ' ಎನ್ನುತ್ತಾರೆ. ಸಿಇ ಯುರೋಪಿನ ಗುರುತು, ಎಫ್‌ಸಿಸಿ ಅಮೆರಿಕದ್ದು. ಅಲ್ಲಿ ತಯಾರಿಸಿದವರ ಪಾಲಿಗೆ ನಾವೇ ಪರದೇಶ. ಪರದೇಶಕ್ಕೆ ಬಂದ ಮೇಲೆ ಇಲ್ಲಿಯ ಒಪ್ಪಿಗೆಯನ್ನೂ ಪಡೆಯಬೇಕು. ಅಮೆರಿಕದಲ್ಲಿರುವ ಮಗನೋ ಅಳಿಯನೋ ರಜೆಗೆ ಬರುವಾಗ ಪೆಟ್ಟಿಗೆಯಲ್ಲಿ ತಂದುಕೊಡುವ ಪಟ್ಟಿಗೂ ಇದೇ ಮಾತು. ಪ್ರೀತಿಯಿಂದ ತಂದದ್ದು ನಿಜ, ಆದರೆ ಅದು ಅಲ್ಲಿಯ ಗಾಳಿಗೆ ಮಾಡಿದ್ದು.

ಇನ್ನೊಂದು ಜಾಣ ಉತ್ತರವಿದೆ: 'ಇದು ಲೈಸೆನ್ಸ್ ಬೇಡದ ಬ್ಯಾಂಡ್, ಕಾಗದವೇ ಬೇಕಿಲ್ಲ.' ಇದರಲ್ಲಿ ಅರ್ಧ ನಿಜವಿದೆ, ಅದಕ್ಕೇ ಮೋಸಹೋಗುವುದು ಸುಲಭ. ಲೈಸೆನ್ಸ್ ಬೇಡ ಎನ್ನುವುದು ಬಳಸುವ ನಿಮಗೆ. ಯಂತ್ರವನ್ನು ದೇಶದೊಳಗೆ ತಂದು ಮಾರುವವರಿಗೆ ಇಟಿಎ ಬೇಕೇ ಬೇಕು. ಅದನ್ನು ಪಡೆಯುವುದು ಹಿಮಾಲಯ ಹತ್ತಿದಂತೇನೂ ಅಲ್ಲ. ಮಾನ್ಯತೆ ಪಡೆದ ಪ್ರಯೋಗಾಲಯದ ಪರೀಕ್ಷಾ ವರದಿ ಇಟ್ಟು ಸರಳ್ ಸಂಚಾರ್ ಎಂಬ ಸರ್ಕಾರಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಕೆಲವು ಬಗೆಯ ಉಪಕರಣಗಳಿಗೆ 2019ರಿಂದ ಸ್ವಯಂ ಘೋಷಣೆಯ ದಾರಿಯನ್ನೂ ತೆರೆದಿದ್ದಾರೆ. ಸಣ್ಣ ಕಂಪನಿಗಳಿಗೆ ಇದು ಹೊರೆ, ಇಂಥ ನಿಯಮಗಳಿಂದ ಒಳ್ಳೆಯ ತಂತ್ರಜ್ಞಾನ ಹಳ್ಳಿಗೆ ತಡವಾಗಿ ಬರುತ್ತದೆ ಎನ್ನುವವರಿದ್ದಾರೆ. ಇರಬಹುದು. ಆದರೆ ಆ ಹೊರೆಯನ್ನು ಕಂಪನಿ ಹೊರದಿದ್ದರೆ ಕೊನೆಗೆ ಹೊರುವವರು ಯಾರು? ಕಾಗದವಿಲ್ಲದ ಮಾಲನ್ನು ಬಂದರಿನಲ್ಲಿ ಸುಂಕದ ಅಧಿಕಾರಿಗಳು ತಡೆಹಿಡಿಯಬಹುದು. ಮೊದಲ ಕಂತು ಹೇಗೋ ನುಸುಳಿ ಬಂದಿರುತ್ತದೆ, ಎರಡನೆಯದು ಬರುವುದಿಲ್ಲ. ಎಮ್ಮೆ ಕೊಳದಲ್ಲಿ ಹೊರಳಿ ಪಟ್ಟಿ ಕೆಟ್ಟರೆ ಬದಲಿ ಸಿಗುವುದಿಲ್ಲ. ಬಟವಾಡೆಯಲ್ಲಿ ಕಂತು ಮಾತ್ರ ಕಡಿತವಾಗುತ್ತಲೇ ಇರುತ್ತದೆ.

ಹಾಗಂತ ಇಟಿಎ ಇದ್ದ ಮಾತ್ರಕ್ಕೆ ಯಂತ್ರ ಒಳ್ಳೆಯದು ಎಂದು ತಿಳಿಯಬೇಡಿ. ಪಶುವೈದ್ಯೆಯಾಗಿ ನನಗೆ ಹೆಚ್ಚು ಚಿಂತೆ ಇರುವುದು ಇಲ್ಲೇ. ಸಂಘದ ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಮುದ್ರೆ ಹಾಕುತ್ತಾರಲ್ಲ, ಆ ಮುದ್ರೆ ತೂಕ ಸರಿ ಎನ್ನುತ್ತದೆಯೇ ಹೊರತು ಹಾಲಿನ ಫ್ಯಾಟ್ ಎಷ್ಟು ಎಂದು ಹೇಳುವುದಿಲ್ಲ. ಇದೂ ಹಾಗೆಯೇ. ಪಟ್ಟಿ ತನ್ನ ಜಾಗ ಬಿಟ್ಟು ಬೇರೆಡೆ ಕೂಗುವುದಿಲ್ಲ, ಮಿತಿ ಮೀರಿದ ಶಕ್ತಿಯಲ್ಲಿ ಕೂಗುವುದಿಲ್ಲ ಎಂಬುದಷ್ಟನ್ನೇ ಇಟಿಎ ಹೇಳುತ್ತದೆ. ನಿಮ್ಮ ಎಚ್‌ಎಫ್ ಮಿಶ್ರತಳಿ ಬೆದೆಗೆ ಬಂದದ್ದನ್ನು ಅದು ಗುರುತಿಸುತ್ತದೋ ಇಲ್ಲವೋ ಎಂಬುದನ್ನು ಆ ಇಲಾಖೆ ನೋಡಿಯೇ ಇರುವುದಿಲ್ಲ. ಇಂಥ ಯಂತ್ರಗಳಲ್ಲಿ ಎಷ್ಟೋ ದೊಡ್ಡ ಕೊಟ್ಟಿಗೆಯಲ್ಲಿ ಬಿಟ್ಟು ಸಾಕುವ ಹಸುಗಳಿಗೆಂದು ರೂಪುಗೊಂಡವು. ಬೆದೆಗೆ ಬಂದಾಗ ಅವು ಓಡಾಡುತ್ತವೆ, ಒಂದರ ಮೇಲೊಂದು ಹಾರುತ್ತವೆ. ನಮ್ಮದು ಗೂಟಕ್ಕೆ ಕಟ್ಟಿದ ಎರಡು ಮೂರು ರಾಸು. ಕಟ್ಟಿದ ಹಸು ಎಷ್ಟು ಹೆಜ್ಜೆ ಹಾಕೀತು?

ಆದ್ದರಿಂದ ಮಾರುವವರು ಬಂದಾಗ ಮೊದಲು ಇಟಿಎ ಪತ್ರದ ಪ್ರತಿ ಕೇಳಿ. ಅದರಲ್ಲಿರುವ ಮಾದರಿ ಸಂಖ್ಯೆಯೂ ಪಟ್ಟಿಯ ಮೇಲಿನ ಸಂಖ್ಯೆಯೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಂದು ಮಾದರಿಯ ಪತ್ರ ತೋರಿಸಿ ಇನ್ನೊಂದನ್ನು ಕೊಟ್ಟರೆ ಒಪ್ಪಬೇಡಿ. ಪೆಟ್ಟಿಗೆಗೂ ಬೇರೆ ಪತ್ರ ಬೇಕು. ಅದು ಸಿಮ್ ಹಾಕುವಂಥದ್ದಾದರೆ ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರದ ಪ್ರಮಾಣಪತ್ರದ ಬಗ್ಗೆಯೂ ವಿಚಾರಿಸಿ. ಚಾರ್ಜರಿನ ಮೇಲೆ ಬಿಐಎಸ್ ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಬೇಕು. ಕೊಟ್ಟಿಗೆಯ ತೇವದಲ್ಲಿ ಕಳಪೆ ಚಾರ್ಜರ್ ಏನು ಮಾಡೀತೆಂದು ಬಿಡಿಸಿ ಹೇಳಬೇಕಿಲ್ಲ. (ರಾಸುಗಳ ಕಿವಿಗೆ ನಾವು ಹಾಕುವ 12 ಅಂಕಿಯ ಹಳದಿ ಓಲೆಗೆ ಇದ್ಯಾವುದೂ ಬೇಡ. ಅದು ಬರೀ ಪ್ಲಾಸ್ಟಿಕ್, ಮಾತಾಡುವುದಿಲ್ಲ. ಹಲವರು ಕೇಳಿದ್ದರಿಂದ ಹೇಳಿದೆ.)

ಕಾಗದ ಸರಿಯಿದ್ದರೆ ಮುಂದಿನ ಮಾತು. ಸಂಘದ ನಾಲ್ಕೈದು ರಾಸುಗಳಿಗೆ ಎರಡು ಬೆದೆ ಚಕ್ರ, ಅಂದರೆ 42 ದಿನ, ಕಟ್ಟಿ ನೋಡಲು ಕೇಳಿ. ಪಟ್ಟಿ ಸಂದೇಶ ಕೊಟ್ಟ ದಿನವನ್ನೂ ನಿಮ್ಮ ಕಣ್ಣಿಗೆ ಲೋಳೆ, ಕೂಗಾಟ ಕಂಡ ದಿನವನ್ನೂ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಬರೆದಿಡಿ. ಆ ಪುಸ್ತಕವನ್ನು ನನಗೋ ನಿಮ್ಮ ಭಾಗದ ವೈದ್ಯರಿಗೋ ತೋರಿಸಿ, ಹಣದ ಮಾತು ಅದಾದ ಮೇಲೆ. ಇಟಿಎ ಪ್ರತಿಯನ್ನು ಮಾತ್ರ ಮೊದಲ ದಿನವೇ ಸಂಘದ ಕಡತಕ್ಕೆ ಸೇರಿಸಿಬಿಡಿ. ಕಾರ್ಯದರ್ಶಿ ಬದಲಾದರೂ ಅದು ಅಲ್ಲೇ ಇರಲಿ.