ಹಸುವಿಗಿಂತ ಮೊದಲು ಹುಲ್ಲು

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಂತಹ ಊರಿನಲ್ಲಿ ಹೈನುಗಾರಿಕೆ ಕೈಗೊಳ್ಳಬಯಸುವ ರೈತನು ಮೊದಲು ನೋಡಬೇಕಾದುದು ದನದ ಸಂತೆಯನ್ನಲ್ಲ, ತನ್ನ ಹೊಲವನ್ನು. ಸಾಲ ತಂದು ಹಸು ಕೊಂಡು, ಬಳಿಕ ಮೇವಿಗಾಗಿ ಪರರ ಬಣವೆಯತ್ತ ನೋಡುವವನಿಗೆ ಕೊನೆಗೆ ಉಳಿಯುವುದು ಸಾಲವೊಂದೇ. ಮಿಶ್ರತಳಿಯ ಹಸುವಿಗೆ ದಿನಕ್ಕೆ ಸುಮಾರು 25 ಕಿಲೋಗ್ರಾಂ ಹಸಿಮೇವು ಬೇಕು. ಜೊತೆಗೆ ಒಣಹುಲ್ಲೂ ಹಿಂಡಿಯೂ ಬೇಕು. ಕರು ಹಾಕುವ ಮುನ್ನ ಎರಡು ತಿಂಗಳು ಅದು ಹಾಲು ಕೊಡದು. ಆದರೆ ಮೇವು ಬಿಡದು. ಆದುದರಿಂದ ಮೇವು ಬೆಳೆದ ಮೇಲೆ ಒಂದೆರಡು ಹಸುಗಳಿಂದ ಆರಂಭಿಸುವುದೇ ವಿವೇಕ.

ಮಾರಾಟದ ಚಿಂತೆಯನ್ನು ಒಬ್ಬನೇ ಹೊರಬೇಕಾಗಿಲ್ಲ. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ತೋರಿದ ಸಹಕಾರದ ದಾರಿ, 1974ರ ಬಳಿಕ ಕರ್ನಾಟಕದ ಹಳ್ಳಿಹಳ್ಳಿಗೂ ಹರಡಿತು. ಹಾಲಿನ ಸಂಘದಲ್ಲಿ ಜಿಡ್ಡಿನಂಶವನ್ನು ಅಳೆದು ಬೆಲೆ ಕಟ್ಟುವರು. ಅಲ್ಲಿ ಪ್ರಾಮಾಣಿಕ ದುಡಿಮೆಗೆ ಬೆಲೆಯುಂಟು, ಬೆರೆಸಿದ ನೀರಿಗಿಲ್ಲ.