ಕಾರಣ ಹುಡುಕದ ರಿಪೇರಿ ಚಿಕಿತ್ಸೆಯಲ್ಲ

ಕಳೆದ ರಮಝಾನಿನಲ್ಲಿ ನಮ್ಮ ಮನೆಯ ಡಿಶ್‌ವಾಶರ್ ಕೆಟ್ಟಿತು. ಇಫ್ತಾರ್, ಸಹರಿ ಎಂದು ದಿನಕ್ಕೆರಡು ಬಾರಿ ಪಾತ್ರೆಗಳ ರಾಶಿ ಬೀಳುವ ದಿನಗಳು. ಯಂತ್ರ ಚಾಲೂ ಮಾಡಿ ಸ್ವಲ್ಪ ಹೊತ್ತಾಗುತ್ತಲೇ ಟ್ರಿಪ್ ಸ್ವಿಚ್ ಬಿದ್ದು ಮನೆಯೆಲ್ಲ ಕತ್ತಲಾಗುತ್ತಿತ್ತು. ಪಾತ್ರೆ ತೊಳೆಯುವ ಕೆಲಸ ಮತ್ತೆ ಪತ್ನಿಯ ಕೈಗೆ ಬಂತು. ನಾನು 'ಈದ್ ಮುಗಿಯಲಿ, ನೋಡೋಣ' ಎಂದೆ. ಹೀಗೆ ಮುಂದೂಡುವುದು ನಮ್ಮಂಥ ಗಂಡಸರಿಗೆ ಸುಲಭ. ಸಾಬೂನಿನಲ್ಲಿ ನೆನೆದು ಚರ್ಮ ಬಿರಿಯುವುದು ನಮ್ಮ ಕೈಯಲ್ಲವಲ್ಲ!

ಆಕೆಯ ಒತ್ತಾಯದ ಮೇಲೆ ಬೀದಿಯ ಕೊನೆಯಲ್ಲಿ ಪಂಪು, ಮಿಕ್ಸಿ ರಿಪೇರಿ ಮಾಡುವವರೊಬ್ಬರನ್ನು ಕರೆಸಿದೆ. ಅರ್ಧ ಗಂಟೆಯಲ್ಲಿ 'ಸರಿಯಾಯ್ತು' ಎಂದರು. ನಿಜಕ್ಕೂ ಸ್ವಿಚ್ ಬೀಳುವುದು ನಿಂತಿತು. ಕಡಿಮೆ ಖರ್ಚಿನಲ್ಲಿ ಮುಗಿಯಿತೆಂದು ನನಗೆ ಖುಷಿ.

ಮೂರನೆಯ ದಿನ ಪತ್ನಿ, "ಒದ್ದೆ ಕೈಯಲ್ಲಿ ಬಾಗಿಲು ಮುಟ್ಟಿದರೆ ಜುಮ್ ಎನ್ನುತ್ತಿದೆ ನೋಡಿ" ಎಂದಳು. ಮೇನ್ ಸ್ವಿಚ್ ಆರಿಸಿ, ಈ ಯಂತ್ರದಲ್ಲೇ ತರಬೇತಿ ಪಡೆದ ತಂತ್ರಜ್ಞನನ್ನು ಕರೆಸಿದೆ. ಆ ಯುವಕ ಪ್ಲಗ್ ಬಿಚ್ಚಿ ತೋರಿಸಿದ. ಅರ್ತ್ ವೈರನ್ನು ಕತ್ತರಿಸಿ ಬಿಡಲಾಗಿತ್ತು. ನೀರು ಕಾಯಿಸುವ ಹೀಟರಿನ ಹೊದಿಕೆ ಹಾಳಾಗಿ ವಿದ್ಯುತ್ ಸೋರುತ್ತಿತ್ತು. ಸೋರಿದ ವಿದ್ಯುತ್ ಅರ್ತ್ ವೈರಿನಲ್ಲಿ ಹರಿದಾಗಲೆಲ್ಲ ಟ್ರಿಪ್ ಸ್ವಿಚ್ ತನ್ನ ಕರ್ತವ್ಯ ಮಾಡುತ್ತಿತ್ತು. ವೈರ್ ಕತ್ತರಿಸಿದ ಮೇಲೆ ಸೋರಿಕೆ ನಿಲ್ಲಲಿಲ್ಲ, ಅದರ ದಾರಿ ಮಾತ್ರ ಮುಚ್ಚಿತು. ಇನ್ನು ಅದು ಕಾಯುತ್ತಿದ್ದುದು ಯಂತ್ರವನ್ನು ಮುಟ್ಟುವ ಒಂದು ದೇಹಕ್ಕಾಗಿ. ಅಲ್ಹಮ್ದುಲಿಲ್ಲಾಹ್, ಜುಮ್ ಎನ್ನುವುದರಲ್ಲೇ ನಮಗೆ ಎಚ್ಚರವಾಯಿತು.

ಅಂದು ನನಗೆ ನಾಚಿಕೆಯಾಯಿತು. ಯುನಾನಿಯಲ್ಲಿ ನಾವು ಮೊದಲು ಕಲಿಯುವ ಪಾಠವೇ 'ಸಬಬ್' ಹುಡುಕಬೇಕೆಂಬುದು. ಜ್ವರವೆಂಬುದು ಒಳಗಿನ ತೊಂದರೆಯ ಸುದ್ದಿ ತರುವ ದೂತ. ಕಾರಣ ನೋಡದೆ ಜ್ವರವನ್ನಷ್ಟೇ ಇಳಿಸುವುದೆಂದರೆ ದೂತನ ಬಾಯಿ ಕಟ್ಟಿದಂತೆ. ಅಂಗಡಿಯಿಂದ ಮಾತ್ರೆ ತಂದು ವಾರಗಟ್ಟಲೆ ನುಂಗಿ ಬರುವ ರೋಗಿಗಳನ್ನು ಗದರಿಸುವ ನಾನೇ, ನನ್ನ ಅಡುಗೆಮನೆಯಲ್ಲಿ ಅದನ್ನೇ ಮಾಡಿಸಿದ್ದೆ.

ಹೀಟರ್ ಹಾಳಾಗಿದ್ದೇಕೆ? ನಮ್ಮದು ಕೊಳವೆಬಾವಿಯ ಗಡಸು ನೀರು. ಅದನ್ನು ಮೆದುಗೊಳಿಸಲು ಯಂತ್ರದೊಳಗೊಂದು ವ್ಯವಸ್ಥೆ ಇರುತ್ತದೆ. ಅದು ಕೆಲಸ ಮಾಡಬೇಕಾದರೆ ಡಿಶ್‌ವಾಶರಿಗೆಂದೇ ಸಿಗುವ ಉಪ್ಪು ತುಂಬಬೇಕು. ಅಡುಗೆಯ ಪುಡಿ ಉಪ್ಪು ಸಲ್ಲದು. ನಾವು ತಿಂಗಳುಗಟ್ಟಲೆ ತುಂಬಿರಲಿಲ್ಲ. ಸುಣ್ಣದ ಪದರ ಕಟ್ಟಿ, ಅದರಡಿ ಹೀಟರ್ ಅತಿಯಾಗಿ ಕಾದು ಕೆಟ್ಟಿತು. ಅಂದರೆ ರೋಗದ ಮೂಲ ನಮ್ಮ ಅಲಕ್ಷ್ಯವೇ.

'ಸ್ವಲ್ಪ ಕೆಟ್ಟರೇನು, ಪಾತ್ರೆ ತೊಳೆಯುತ್ತದಲ್ಲ' ಎನ್ನುವವರೂ ಇದ್ದಾರೆ. ನೀರು ಕಾಯದಿದ್ದರೆ ಬಿರಿಯಾನಿಯ ಜಿಡ್ಡು ಕರಗುವುದಿಲ್ಲ, ಡಿಟರ್ಜೆಂಟಿನ ಶೇಷವೂ ಪೂರ್ತಿ ಹೋಗುವುದಿಲ್ಲ. ಪಂಪು ಕೆಟ್ಟು ಕೊಳಕು ನೀರು ತಳದಲ್ಲಿ ನಿಂತರೆ ದುರ್ವಾಸನೆ, ಸೂಕ್ಷ್ಮಜೀವಿಗಳ ಬೆಳವಣಿಗೆ. ಚೆನ್ನಾಗಿರುವ ಯಂತ್ರದಲ್ಲೂ ಎಚ್ಚರ ಬೇಕು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿವಿಧ ದೇಶಗಳ 189 ಡಿಶ್‌ವಾಶರುಗಳನ್ನು ಪರೀಕ್ಷಿಸಿದಾಗ ಶೇ. 62ರಷ್ಟರಲ್ಲಿ ಬಾಗಿಲಿನ ರಬ್ಬರ್ ಪಟ್ಟಿಯ ಮೇಲೆ ಶಿಲೀಂಧ್ರ ಕಂಡುಬಂದಿತ್ತು. ಆರೋಗ್ಯವಂತರು ಹೆದರಬೇಕಾಗಿಲ್ಲ. ಆದರೆ ಮನೆಯಲ್ಲಿ ಶ್ವಾಸಕೋಶದ ರೋಗಿಗಳೋ, ರೋಗ ನಿರೋಧಕ ಶಕ್ತಿ ಕುಂದಿದವರೋ ಇದ್ದರೆ ಸ್ವಚ್ಛತೆಯಲ್ಲಿ ರಾಜಿ ಬೇಡ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ. ಜಾಲರಿ ತೊಳೆಯುವುದು, ನೀರು ಚಿಮ್ಮುವ ರಂಧ್ರಗಳನ್ನು ಬಿಡಿಸುವುದು, ರಬ್ಬರ್ ಪಟ್ಟಿ ಒರೆಸುವುದು, ಉಪ್ಪು ತುಂಬುವುದು ಮನೆಯವರ ಕೆಲಸ, ಗಂಡಸರೂ ಮಾಡಬಹುದು. ಆದರೆ ಸ್ಕ್ರೂ ಬಿಚ್ಚಬೇಕಾದ ಕೆಲಸ ತರಬೇತಿ ಪಡೆದವರದ್ದು. ನೀರು ಮತ್ತು ವಿದ್ಯುತ್ ಒಟ್ಟಿಗಿರುವಲ್ಲಿ ಪ್ರಯೋಗ ಸಲ್ಲದು.

ತಂತ್ರಜ್ಞ ಬಂದಾಗ ನಾಲ್ಕು ವಿಷಯ ಗಮನಿಸಿ. ಕೈ ಹಾಕುವ ಮೊದಲು ವಿದ್ಯುತ್ ಸಂಪರ್ಕ ತಪ್ಪಿಸಿದರೇ? ಕೆಟ್ಟದ್ದೇನು, ಏಕೆ ಕೆಟ್ಟಿತು ಎಂದು ಹೇಳಿ ಹಳೆಯ ಬಿಡಿಭಾಗ ತೋರಿಸಿದರೇ? ಅರ್ತಿಂಗ್ ಪರೀಕ್ಷಿಸಿದರೇ? ಹೋಗುವ ಮೊದಲು ಬಿಸಿನೀರಿನಲ್ಲಿ ಒಮ್ಮೆ ಓಡಿಸಿ ತೋರಿಸಿ, ಬಿಲ್ ಕೊಟ್ಟರೇ? ಇಷ್ಟು ಮಾಡಿದವರ ಬಳಿ ಚೌಕಾಶಿ ಮಾಡಬೇಡಿ. ಒಳ್ಳೆಯ ರೋಗನಿದಾನಕ್ಕೆ ಶುಲ್ಕ ಕೊಡುವವರು ಒಳ್ಳೆಯ ಕಸುಬಿಗೂ ಕೂಲಿ ಕೊಡಬೇಕು.

ಆ ಯುವಕ ಹೊರಡುವಾಗ ನಗುತ್ತಾ, "ಹಕೀಮ್ ಸಾಬ್, ಸ್ವಿಚ್ ಬಿದ್ದರೆ ಬೈಯಬೇಡಿ, ಅದು ನಿಮ್ಮನ್ನು ಕಾಯುತ್ತಿದೆ" ಎಂದ. ಈಗ ಆ ಮಾತನ್ನು ನನ್ನ ರೋಗಿಗಳಿಗೂ ಹೇಳುತ್ತಿದ್ದೇನೆ. ನೋವು, ಜ್ವರ, ಕೆಮ್ಮು ಬಂದಾಗ ಬೈಯಬೇಡಿ. ಅವೇನು ಹೇಳುತ್ತಿವೆ ಎಂದು ಬಲ್ಲವರಲ್ಲಿ ಕೇಳಿ.