ಪಟ್ಟಿಯಿಂದ ಬಿದ್ದುಹೋದ ಸಾಲುಗಳು

2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಪರಿಹಾರವನ್ನು ಯಾರೂ ಚಾವಡಿಯಲ್ಲಿ ಕುಳಿತು ಎಣಿಸಿ ಕೊಡಲಿಲ್ಲ. ಭೂದಾಖಲೆಗಳ ‘ಭೂಮಿ’ಯ ಪಹಣಿ, ಬೆಳೆ ಸಮೀಕ್ಷೆ, ರೈತರ ನೋಂದಣಿಯ ‘ಫ್ರೂಟ್ಸ್’, ಇವುಗಳನ್ನು ಒಂದಕ್ಕೊಂದು ಜೋಡಿಸಿ, ಷರತ್ತುಗಳ ಜರಡಿ ಹಿಡಿದು, ಉಳಿದ ಹೆಸರುಗಳ ಬ್ಯಾಂಕ್ ಖಾತೆಗೆ ಹಣ ನೇರವಾಗಿ ಹೋಯಿತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರಿನವರೆಗೆ ಮಾತ್ರ. ಮಧ್ಯವರ್ತಿಯ ಕೈ ತಪ್ಪಿಸಿದ ಈ ವ್ಯವಸ್ಥೆ ಒಳ್ಳೆಯದೇ. ಆದರೆ ಜರಡಿ ಹಿಡಿದ ಮೇಲೆ ನಾವು ಉಳಿದವರನ್ನು ಎಣಿಸುತ್ತೇವೆ, ಬಿದ್ದವರನ್ನು ಎಣಿಸುವುದಿಲ್ಲ. ಬಿದ್ದವರ ಪಟ್ಟಿಯನ್ನೂ, ಅವರು ಯಾವ ಷರತ್ತಿನಲ್ಲಿ ಬಿದ್ದರೆಂಬುದನ್ನೂ ಊರಿಗೆ ತಿಳಿಸುವುದು ಕಡ್ಡಾಯವಾಗಬೇಕು.

ಅರ್ಹರೂ ಹೀಗೆ ಬೀಳಬಹುದೆಂಬುದು ಬರಿಯ ಅನುಮಾನದ ಮಾತಲ್ಲ, ದತ್ತಾಂಶ ಕೋಶಗಳು ಕೆಲಸ ಮಾಡುವ ರೀತಿಯೇ ಹಾಗಿದೆ. ‘2 ಹೆಕ್ಟೇರ್ ಅಥವಾ ಅದಕ್ಕಿಂತ ಕಡಿಮೆ ಜಮೀನು ಇರುವವರನ್ನು ತೋರಿಸು’ ಎಂದು ಕೇಳಿ, ಆಮೇಲೆ ‘2 ಹೆಕ್ಟೇರಿಗಿಂತ ಹೆಚ್ಚು ಇರುವವರನ್ನು ತೋರಿಸು’ ಎಂದು ಕೇಳಿ. ಎರಡೂ ಪಟ್ಟಿ ಕೂಡಿದರೆ ಎಲ್ಲ ರೈತರೂ ಸಿಗಬೇಕು ಅನಿಸುತ್ತದೆ. ಸಿಗುವುದಿಲ್ಲ. ವಿಸ್ತೀರ್ಣದ ಖಾನೆ ಖಾಲಿ ಇರುವ ರೈತ ಎರಡರಲ್ಲೂ ಇರುವುದಿಲ್ಲ. ಎಸ್‌ಕ್ಯೂಎಲ್ ಎಂಬ ಪ್ರಶ್ನೆಯ ಭಾಷೆಯಲ್ಲಿ ಉತ್ತರ ಮೂರು ಬಗೆ: ಹೌದು, ಅಲ್ಲ, ಗೊತ್ತಿಲ್ಲ. ಷರತ್ತು ಹಾಕಿದಾಗ ‘ಹೌದು’ ಮಾತ್ರ ಉಳಿದು, ‘ಗೊತ್ತಿಲ್ಲ’ ಎಂಬುದು ಸದ್ದಿಲ್ಲದೆ ‘ಅಲ್ಲ’ದ ಜೊತೆ ಹೊರಬೀಳುತ್ತದೆ. ಯಂತ್ರ ತಪ್ಪು ಎಂದೂ ಹೇಳುವುದಿಲ್ಲ, ಏಕೆಂದರೆ ಅದರ ಮಟ್ಟಿಗೆ ತಪ್ಪೇನೂ ಆಗಿಲ್ಲ.

ಈಗ ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರದಲ್ಲಿ ಒಂದು ಎರೆಹೊಲ ಇದೆಯೆಂದು ಇಟ್ಟುಕೊಳ್ಳೋಣ. ಉತಾರ, ಅಂದರೆ ಪಹಣಿ, ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ, ತೊಗರಿ ಬಿತ್ತುವವನು ಮೊಮ್ಮಗ. ಫ್ರೂಟ್ಸ್ ಸಂಖ್ಯೆಗೆ ಆಧಾರ್ ಬೇಕು. ಅಜ್ಜನಿಗೆ ಆಧಾರ್ ಇಲ್ಲ, ಮೊಮ್ಮಗನ ಸಂಖ್ಯೆಗೆ ಆ ಜಮೀನು ಜೋಡಣೆಯಾಗಿಲ್ಲ. ಬೆಳೆ ಒಣಗಿದ್ದು ನಿಜ, ಸಾಲ ಮೈಮೇಲೆ ಇರುವುದೂ ನಿಜ, ಪಟ್ಟಿಯಲ್ಲಿ ಮಾತ್ರ ಆ ಹೊಲಕ್ಕೆ ರೈತನಿಲ್ಲ. ಮೃತರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಸರ್ಕಾರವೇ ಅಭಿಯಾನ ನಡೆಸಬೇಕಾಗಿ ಬಂದಿದೆಯೆಂದರೆ ಇಂಥ ಹೊಲಗಳು ಒಂದೆರಡಲ್ಲ. ಸ್ಥಳಗಳ ಹೆಸರುಗಳದ್ದೂ ಇದೇ ತೊಡಕು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಆಮೇಲೆ ಬಾಗೇವಾಡಿಯಿಂದ ನಿಡಗುಂದಿ, ಕೊಲ್ಹಾರ ತಾಲ್ಲೂಕುಗಳು ಬೇರ್ಪಟ್ಟವು. ಹಳೆಯ ದಾಖಲೆಯಲ್ಲಿ ಹಳೆಯ ಹೆಸರು, ಪ್ರಶ್ನೆಯಲ್ಲಿ ಹೊಸ ಹೆಸರು ಇದ್ದರೆ ಸಾಲು ಬೀಳುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಊರಿಗೊಂದು ಸಂಕೇತ ಸಂಖ್ಯೆ ಬಳಸಿದರೆ ಇದು ಬಹುಪಾಲು ನೀಗುತ್ತದೆ. ಅಜ್ಜನ ಉತಾರ ಹಾಗೆ ನೀಗುವಂಥದ್ದಲ್ಲ.

ಷರತ್ತು ಸಡಿಲಿಸಿದರೆ ಅನರ್ಹರು ನುಗ್ಗುತ್ತಾರೆ ಎಂಬ ಆಕ್ಷೇಪ ಬರುತ್ತದೆ. ಯಾವ ಷರತ್ತನ್ನೂ ಸಡಿಲಿಸಿ ಎಂದು ಇಲ್ಲಿ ಕೇಳುತ್ತಿಲ್ಲ. ‘ಗೊತ್ತಿಲ್ಲ’ ಎಂಬ ಮೂರನೆಯ ಪಟ್ಟಿ ಹಣ ಪಾವತಿಯ ಆದೇಶವಲ್ಲ, ಹೋಗಿ ನೋಡಿ ಬನ್ನಿ ಎಂದು ಗ್ರಾಮ ಆಡಳಿತಾಧಿಕಾರಿಗೆ ಕೊಡುವ ಕೆಲಸ. ಬರದಲ್ಲಿ ಅಷ್ಟು ಹೊತ್ತು ಎಲ್ಲಿದೆ ಎನ್ನುವವರಿಗೂ ಉತ್ತರವಿದೆ: ಅರ್ಹರಿಗೆ ಮೊದಲು ಹಣ ಹೋಗಲಿ, ಖಾಲಿ ಖಾನೆಗಳನ್ನು ಹೆಕ್ಕಲು ಇನ್ನೊಂದೇ ಪ್ರಶ್ನೆ ಸಾಕು, ಅದಕ್ಕೆ ಹೊಸ ತಂತ್ರಾಂಶವೇನೂ ಬೇಡ. ಖಾಸಗಿ ಮಾಹಿತಿ ಬಯಲಾಗುತ್ತದೆ ಎಂಬ ಆತಂಕ ಹೆಚ್ಚು ತೂಕದ್ದು. ಆದ್ದರಿಂದ ಗ್ರಾಮ ಪಂಚಾಯಿತಿ ಫಲಕದಲ್ಲಿ ಆಧಾರ್, ಬ್ಯಾಂಕ್ ಖಾತೆ ಯಾವುದೂ ಬೇಡ. ಸರ್ವೆ ನಂಬರು ಮತ್ತು ಕಾರಣ ಇಷ್ಟೇ ಇರಲಿ. ಪಹಣಿ ಹೇಗೂ ಯಾರು ಬೇಕಾದರೂ ನೋಡಬಹುದಾದ ದಾಖಲೆ.

ದಾಖಲೆ ಸರಿಪಡಿಸಿಕೊಳ್ಳುವುದು ರೈತನ ಹೊಣೆಯಲ್ಲವೇ ಎಂದು ಕೇಳುವವರೂ ಇದ್ದಾರೆ. ಹೌದು, ಆದರೆ ಯಾವ ಖಾನೆ ಖಾಲಿ ಇದೆಯೆಂದು ಗೊತ್ತಾಗದೆ ಅವನು ಸರಿಪಡಿಸುವುದಾದರೂ ಏನನ್ನು? ಪಕ್ಕದ ಹೊಲದವನಿಗೆ ಹಣ ಬಂದು ತನಗೆ ಬಾರದಿದ್ದಾಗ ಅವನು ರೈತ ಸಂಪರ್ಕ ಕೇಂದ್ರಕ್ಕೆ, ಅಲ್ಲಿಂದ ನಾಡಕಚೇರಿಗೆ, ಅಲ್ಲಿಂದ ಬ್ಯಾಂಕಿಗೆ ಅಲೆಯುತ್ತಾನೆ. ‘ಖಾತೆದಾರರು ಮೃತರು, ವಾರಸಾ ಆಗಿಲ್ಲ’ ಎಂಬ ಒಂದು ಸಾಲು ಫಲಕದ ಮೇಲಿದ್ದರೆ ಅವನು ಮರುದಿನವೇ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಸರಿಯಾದ ಬಾಗಿಲಿಗೆ ಹೋಗುತ್ತಾನೆ. ಅಂಥ ಸಾಲುಗಳು ಯಾವ ಊರಲ್ಲಿ ಹೆಚ್ಚಿವೆಯೋ ಪೌತಿ ಖಾತೆಯ ಅಭಿಯಾನವೂ ಮೊದಲು ಆ ಊರಿಗೇ ಹೋಗಬಹುದು.